ಉಪಗ್ರಹದ ನಕ್ಷೆಗೆ ನಮ್ಮ ಬೋರ್‌ವೆಲ್ ಕಾಣಲ್ಲ

ಮೇರಿಲ್ಯಾಂಡಿನಲ್ಲಿ ಮಗಳ ಏಳನೇ ಕ್ಲಾಸಿನಲ್ಲಿ ಒಂದು ದಿನ ಕೂತಿದ್ದೆ. ಟೀಚರ್ ಇಬ್ಬರು ಮಕ್ಕಳ ಕೈಗೆ ಹಗ್ಗ ಕೊಟ್ಟು ಒಬ್ಬರ ಹಿಂದೆ ಒಬ್ಬರನ್ನು ನಡೆಸಿದರು. ದಾರಿಯಲ್ಲೊಂದು ಪುಸ್ತಕದ ರಾಶಿ. ಅದೇ ನೀರು ಅಂದರು. ರಾಶಿ ಹತ್ತಿರ ಬಂದಾಗ ಮುಂದಿನವಳು ಬೇಗ ಹೆಜ್ಜೆ ಹಾಕಬೇಕು, ಹಗ್ಗ ಬಿಗಿಯಾಯಿತು. ಗ್ರೇಸ್ ಉಪಗ್ರಹಗಳ ಕೆಲಸವೂ ಇಷ್ಟೇ. 2002ರಲ್ಲಿ ನಾಸಾ ಮತ್ತು ಜರ್ಮನಿ ಸೇರಿ ಹಾರಿಸಿದ ಜೋಡಿ ಅದು. ಸುಮಾರು 220 ಕಿ.ಮೀ. ದೂರದಲ್ಲಿ ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ಕೆಳಗೆ ನೀರು ಜಾಸ್ತಿ ಇದ್ದರೆ ಸೆಳೆತವೂ ಜಾಸ್ತಿ. ನಡುವಿನ ದೂರ ಕೂದಲೆಳೆಗಿಂತ ಕಮ್ಮಿ ಬದಲಾದರೂ ಗೊತ್ತಾಗುತ್ತಿತ್ತು.

ಆಮೇಲೆ ನಕ್ಷೆ ಹಾಕಿದರು. ಪಂಜಾಬ್, ಹರಿಯಾಣ, ರಾಜಸ್ಥಾನ ಕಡುಕೆಂಪು. 2002ರಿಂದ 2008ರೊಳಗೆ ಅಲ್ಲಿ ಕಳೆದುಹೋದ ಅಂತರ್ಜಲ 109 ಘನ ಕಿ.ಮೀ. ಅಂತ ಲೆಕ್ಕ. ಕೆಆರ್‌ಎಸ್ ಅನ್ನು 75 ಸಲಕ್ಕಿಂತ ಜಾಸ್ತಿ ತುಂಬಿಸಬಹುದಾದ ನೀರು! ಇಂಥ ಪಾಠ ನನಗೆ ಸಿಕ್ಕಿರಲಿಲ್ಲ ಅಂತ ಹೊಟ್ಟೆ ಉರಿಯಿತು.

"ನಮ್ಮೂರು ಎಲ್ಲಿ?" ಅಂದಳು ಮಗಳು. ಕೋಲಾರದ ಮೇಲೆ ಬೆರಳಿಟ್ಟೆ. ಸುಮ್ನೆ ಒಂದು ತಿಳಿಬಣ್ಣ. ಸುಮಾರು 300 ಕಿ.ಮೀ.ಗಿಂತ ಚಿಕ್ಕದು ಗ್ರೇಸ್ ಕಣ್ಣಿಗೆ ಬೀಳುತ್ತಿರಲಿಲ್ಲ. ಇಡೀ ಜಿಲ್ಲೆ ಅಕ್ಕಪಕ್ಕದವರ ಜೊತೆ ಕಲಸಿಹೋಗಿತ್ತು.

ಮುಳಬಾಗಿಲಿನ ಹತ್ತಿರ ಎಂಟನೇ ಕ್ಲಾಸ್ ಓದುವ ಅಣ್ಣನ ಮಗನಿಗೆ ಇಂಥ ನಕ್ಷೆ ಯಾರೂ ತೋರಿಸಿಲ್ಲ. ಆದರೆ ಯಾರ ತೋಟದಲ್ಲಿ ಎಷ್ಟು ಅಡಿಗೆ ಕಲ್ಲುಪುಡಿ ಒದ್ದೆಯಾಯಿತು, ಯಾರದ್ದು 1,300 ಅಡಿಗೂ ಬರೀ ಧೂಳು, ಎಲ್ಲಾ ಬಾಯಲ್ಲೇ ಇದೆ. ಅವನು ಪರೀಕ್ಷೆಗೆ ಬರೆಯುವ ಜಲಚಕ್ರದಲ್ಲಿ ಸಮುದ್ರ, ಮೋಡ, ಬೆಟ್ಟ ಇವೆ. ಬೋರ್‌ವೆಲ್ ಇಲ್ಲ.

ಪಾಠ ಅಲ್ಲಿಂದಲೇ ಶುರುವಾಗಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಗ್ರೇಸ್ ಕೆರೆ, ಮಣ್ಣಿನ ತೇವ, ಅಂತರ್ಜಲ ಎಲ್ಲವನ್ನೂ ಒಟ್ಟಿಗೆ ತೂಗುತ್ತಿತ್ತು. ಯಾವುದು ಎಷ್ಟು ಅಂತ ಬಿಡಿಸಲು ನೆಲದ ಲೆಕ್ಕವೇ ಬೇಕು. ಪಂಜಾಬಿನದು ನದಿ ತಂದ ಮೆಕ್ಕಲು, ನೀರನ್ನು ಹೀರಿಟ್ಟುಕೊಳ್ಳುತ್ತದೆ. ಕೋಲಾರದ್ದು ಕಗ್ಗಲ್ಲು, ನೀರು ಇರುವುದು ಬಿರುಕಿನಲ್ಲಿ ಮಾತ್ರ. ಬಣ್ಣ ನೋಡಿದರೆ ಇದು ತಿಳಿಯಲ್ಲ, ಅಲ್ವಾ?

ಕಳೆದ ಬೇಸಿಗೆ ಮಗಳು, ಅಣ್ಣನ ಮಗ ಇಬ್ಬರೂ ಊರ ಜಗಲಿ ಮೇಲೆ ಕೂತು, ಬೀದಿಯ ಬೋರ್‌ವೆಲ್‌ಗಳ ವರ್ಷ ಮತ್ತು ಆಳ ಕೇಳಿ ಬರೆದುಕೊಂಡರು. ಅವನು ಹೇಳಿದ, ಅವಳು ಗೆರೆ ಎಳೆದಳು. 700 ಅಡಿಗೇ ಹಾಳೆ ಮುಗಿಯಿತು. ಕೆಳಗೆ ಇನ್ನೊಂದು ಹಾಳೆ ಅಂಟಿಸಿಕೊಂಡರು.