ಈಶಾನ್ಯದಲ್ಲಿ ಅಸ್ಥಿಪಂಜರ ಬೇಡ

2022ರ ದೀಪಾವಳಿ ನೆನಪಿದೆಯಾ? ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ನಡುವೆ, ಅಕ್ಟೋಬರ್ 25ಕ್ಕೆ, ಸೂರ್ಯಗ್ರಹಣ ಬಂದು ಕೂತಿತ್ತು. ಬೆಂಗಳೂರಿನಲ್ಲಿ ಸಂಜೆ ಐದು ದಾಟಿದ ಮೇಲೆ ಶುರುವಾಯಿತು, ಆರರೊಳಗೆ ಸೂರ್ಯನೇ ಮುಳುಗಿದ. ಚಂದ್ರ ಕಚ್ಚಿದ್ದು ದೋಸೆಯ ಅಂಚಿನಷ್ಟು. ಅಷ್ಟಕ್ಕೇ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗ್ಗೆಯಿಂದ ಒಲೆ ಬಂದ್. ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ. ನೀರಿನ ಫಿಲ್ಟರಿನ ಮೇಲೂ ದರ್ಭೆ. ಆರ್‌ಓ, ಯುವಿ ಎಲ್ಲ ಇರುವ ಫಿಲ್ಟರ್ ಅದು. ರಾಹುವನ್ನು ಸೋಸುವ ವ್ಯವಸ್ಥೆ ಮಾತ್ರ ಅದರಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲೂ ಇಟ್ಟಿದ್ದೆವು, ಸುಳ್ಳು ಯಾಕೆ ಹೇಳಲಿ.

ಇದಾಗಿ ಮೂರನೇ ದಿನ ವಾಟ್ಸಾಪ್ ಗ್ರೂಪಿನಲ್ಲಿ ಹ್ಯಾಲೋವೀನ್ ಮಾತು ಬಂತು. ದೆವ್ವದ ಹಬ್ಬ ನಮ್ಮ ಸಂಸ್ಕೃತಿ ಅಲ್ಲ ಎಂದು ಒಬ್ಬರು ಗುಡುಗಿದರು. ಅವರ ಊರಿನ ಮನೆಯ ಬಾಗಿಲ ಮೇಲೆ ತೊಂಬತ್ತರ ದಶಕದಲ್ಲಿ ಬರೆದ ‘ನಾಳೆ ಬಾ’ ಇನ್ನೂ ಪೂರ್ತಿ ಅಳಿಸಿಲ್ಲ. ಆಗ ಇನ್ನೊಬ್ಬರು ದಾರಿ ಹುಡುಕಿದರು: ‘ಸೈನ್ಸ್ ಥೀಮ್ ಇಡೋಣ.’ ತಕ್ಷಣ ನಲವತ್ತು ಹೆಬ್ಬೆರಳು ಮೇಲೆದ್ದವು. ಈ ಊರಿನಲ್ಲಿ ಮಕ್ಕಳಿಗೆ ಅನುಕೂಲ ಎಂದರೆ ಯಾವುದಕ್ಕೂ ಅಡ್ಡಿಯಿಲ್ಲ. ಬಿಳಿ ಕೋಟು ಹಾಕಿದರೆ ದೆವ್ವವೂ ಸಿಲಬಸ್ಸೇ.

ಪಾರ್ಟಿ ನಮ್ಮ ಮನೆಯಲ್ಲಿ ಅಂತ ತೀರ್ಮಾನವಾಯಿತು. ತೀರ್ಮಾನಿಸಿದವರು ನಾವಲ್ಲ.

31ರ ಸಂಜೆ ಬಂದ ಅಪ್ಪಂದಿರಲ್ಲಿ ಐದು ಜನ ಐನ್‌ಸ್ಟೈನ್. ಐದೂ ವಿಗ್ಗು ಒಂದೇ ಆನ್‌ಲೈನ್ ಅಂಗಡಿಯದು. ಇದೇ ಊರಿನಲ್ಲಿ ಸಂಸ್ಥೆ ಕಟ್ಟಿ, ಇಲ್ಲೇ 1970ರಲ್ಲಿ ತೀರಿಕೊಂಡ ಸಿ.ವಿ. ರಾಮನ್ ಮಾತ್ರ ಒಬ್ಬರೂ ಇಲ್ಲ. ಒಂದು ಪೇಟ ಸಾಕಿತ್ತು. ಆದರೆ ಅಪಾರ್ಟ್‌ಮೆಂಟಿನ ಪೇಟಗಳೆಲ್ಲ ಮರುದಿನದ ರಾಜ್ಯೋತ್ಸವ ಸನ್ಮಾನಕ್ಕೆ ಬುಕ್ ಆಗಿದ್ದವಂತೆ.

ಬಾಡಿಗೆಗೆ ತಂದ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ಕಿಟಕಿಯ ಮೂಲೆಯಲ್ಲಿ ನಿಲ್ಲಿಸಿದ್ದೆ. ಎರಡನೇ ಐನ್‌ಸ್ಟೈನ್ ಮೊಬೈಲಿನ ದಿಕ್ಸೂಚಿ ತೆರೆದು ನೋಡಿದರು. ‘ಸಾರ್, ಇದು ಈಶಾನ್ಯ. ಇಲ್ಲಿ ಭಾರ ಬೇಡ, ಅದರಲ್ಲೂ ಮೂಳೆ ಬೇಡವೇ ಬೇಡ. ನೈಋತ್ಯಕ್ಕೆ ಹಾಕಿ.’ ನೈಋತ್ಯದಲ್ಲಿ ಫ್ರಿಜ್ ಇತ್ತು. ಫ್ರಿಜ್ ಜರುಗಿತು. ಅಷ್ಟರಲ್ಲಿ ಒಬ್ಬ ಹುಡುಗ ಪಕ್ಕೆಲುಬು ಎಣಿಸಿ, ಹನ್ನೆರಡು ಜೊತೆ ಇರಬೇಕಲ್ವಾ, ಇಲ್ಲಿ ಹತ್ತೇ ಇದೆ ಎಂದ. ‘ಮುಟ್ಟಬೇಡ, ಡಿಪಾಸಿಟ್ ಹೋಗುತ್ತೆ’ ಎಂದು ಅವನ ಅಮ್ಮ ಎಳೆದುಕೊಂಡು ಹೋದರು.

ಡ್ರೈ ಐಸ್ ತರಿಸಿದ್ದೆವು. ಅದು ಮೈನಸ್ 78 ಡಿಗ್ರಿಯ ಇಂಗಾಲದ ಡೈಆಕ್ಸೈಡ್. ನೀರಿಗೆ ಹಾಕಿದರೆ ಕರಗದೆ ನೇರ ಅನಿಲವಾಗುತ್ತದೆ. ಕಾಣುವ ಬಿಳಿ ಹೊಗೆ ಮಾತ್ರ ಆ ಅನಿಲ ಅಲ್ಲ, ಚಳಿಗೆ ಹನಿಗಟ್ಟಿದ ನೀರು. ಮುಚ್ಚಿದ ಕೋಣೆಯಲ್ಲಿ ಅನಿಲ ಜಾಸ್ತಿಯಾದರೆ ಉಸಿರುಗಟ್ಟುತ್ತದೆ ಅಂತ ನಾನು ಕಿಟಕಿ ತೆಗೆದೆ. ‘ಹೊಗೆ ಹೋಗುತ್ತೆ, ರೀಲ್ ಮುಗಿಯಲಿ’ ಎಂದು ಯಾರೋ ಮುಚ್ಚಿದರು. ಮತ್ತೆ ತೆಗೆದೆ. ಮತ್ತೆ ಮುಚ್ಚಿದರು. ಆ ಸಂಜೆಯ ನನ್ನ ಸಂಶೋಧನೆ ಇಷ್ಟೇ.

ನೀಲಿ ಯುವಿ ದೀಪದ ಕೆಳಗೆ ಟಾನಿಕ್ ವಾಟರ್ ಹೊಳೆಯಿತು. ಯಾಕೆ ಹೊಳೆಯುತ್ತೆ ಅಂತ ಮಗಳು ಕೇಳಿದಳು. ಅದರಲ್ಲಿರುವ ಕ್ವಿನೈನ್‌ನಿಂದ ಅಂತ ಬಾಯಿ ತೆರೆಯುವಷ್ಟರಲ್ಲಿ ಸೆಕ್ರೆಟರಿಯವರ ಭಾಷಣ ಶುರುವಾಯಿತು. ಅವರು ನಾಲ್ಕನೇ ಐನ್‌ಸ್ಟೈನ್. ವೈಜ್ಞಾನಿಕ ಮನೋಭಾವ ಬೆಳೆಸುವುದು ಸಂವಿಧಾನದ 51ಎ ವಿಧಿಯ ಪ್ರಕಾರ ನಮ್ಮ ಕರ್ತವ್ಯ ಎಂದರು. ಮಾತು ಸರಿಯೇ. ವಿಗ್ಗು ಮಾತ್ರ ಓರೆಯಾಗಿತ್ತು.

ಬಣ್ಣ ಬದಲಿಸುವ ‘ರಕ್ತ’ ಮಾಡಲು ಇಂಟರ್ನೆಟ್ ನೋಡಿ ನೇರಳೆ ಎಲೆಕೋಸು ತಂದಿದ್ದೆವು. ಅದನ್ನು ಕುದಿಸಿದ್ದಕ್ಕೆ ಮನೆಯೆಲ್ಲ ನಾತ. ಆ ನೀರು ಕೆಂಪಾಗಬೇಕಾದರೆ ನಿಂಬೆರಸ ಹಿಂಡಬೇಕು, ಅದಕ್ಕೆ ಯಾರೂ ಒಪ್ಪಲಿಲ್ಲ. ರಾತ್ರಿ ಹೊತ್ತು ನಿಂಬೆಹಣ್ಣು, ಕೆಂಪು ನೀರು, ತಲೆಬುರುಡೆ ಒಟ್ಟಿಗೆ ಇದ್ದರೆ ನೋಡಿದವರು ಏನಂದುಕೊಳ್ಳುತ್ತಾರೆ ಅಂತ.

ಕೊನೆಗೆ ಹೊರಡುವಾಗ ಮಕ್ಕಳಿಗೆ ದೃಷ್ಟಿ ಆಗಿರುತ್ತದೆ ಎಂದು ಹಿರಿಯರೊಬ್ಬರು ತಟ್ಟೆಯಲ್ಲಿ ನೀರು ತಂದರು. ಅರಿಶಿನ ಹಾಕಿದರು, ಚಿಟಿಕೆ ಸುಣ್ಣ ಹಾಕಿದರು. ನೀರು ಕೆಂಪಗಾಯಿತು. ಸುಣ್ಣದ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುವುದು ಅಪ್ಪಟ ರಸಾಯನಶಾಸ್ತ್ರ. ಎಲೆಕೋಸಿನ ಕೈಲಿ ಮಾಡಿಸಲು ಹೊರಟಿದ್ದೂ ಇದನ್ನೇ. ಮಗಳು ಕಣ್ಣರಳಿಸಿ ‘ಇದು ಹೇಗೆ?’ ಎಂದಳು.

‘ಆರತಿ ಹೊತ್ತಲ್ಲಿ ಪ್ರಶ್ನೆ ಕೇಳಬಾರದು ಪುಟ್ಟಾ’ ಎಂದರು ಮೂವರು ಐನ್‌ಸ್ಟೈನ್, ಒಟ್ಟಿಗೆ.

ಎಂಟೇ ದಿನಕ್ಕೆ, ನವೆಂಬರ್ 8ಕ್ಕೆ, ಚಂದ್ರಗ್ರಹಣ ಬಂತು. ನಮ್ಮಲ್ಲಿ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು, ಅರ್ಧ ಗಂಟೆಯ ಆಟ. ಇದಕ್ಕೆ ಕನ್ನಡಕವೂ ಬೇಡ, ಸುಮ್ನೆ ನೋಡಬಹುದು. ಮಗಳು ಒಗೆದಿಟ್ಟ ಬಿಳಿ ಕೋಟು ಹಾಕಿಕೊಂಡು ನನ್ನನ್ನು ಟೆರೇಸಿಗೆ ಎಳೆದಳು. ಬಾಗಿಲಿಗೆ ಬೀಗ. ಕೀಲಿ ಕೇಳಿದರೆ ಸೆಕ್ಯೂರಿಟಿ ತಲೆ ಕೆರೆದುಕೊಂಡ.

‘ಗ್ರಹಣ ಬಿಡೋವರೆಗೂ ಯಾರನ್ನೂ ಹತ್ತಿಸಬೇಡ ಅಂದಿದ್ದಾರೆ ಸಾರ್.’

‘ಯಾರು?’

‘ಅವರೇ ಸಾರ್. ಆವತ್ತು ನಿಮ್ಮನೆಗೆ ಬಿಳಿ ಕೂದಲು ಹಾಕ್ಕೊಂಡು ಬಂದಿದ್ರಲ್ಲ.’