ಚೆನ್ನಮ್ಮ ಫೈನಲ್

ತಪ್ಪು ನನ್ನದೇ. ಮೊಬೈಲಿನಲ್ಲಿದ್ದ ಚಿತ್ರಕ್ಕೆ ‘ಚೆನ್ನಮ್ಮ’ ಅಂತ ಹೆಸರು ಕೊಟ್ಟವನು ನಾನು. ಎರಡನೆಯದಕ್ಕೆ ‘ಚೆನ್ನಮ್ಮ 2’ ಅಂದವನೂ ನಾನೇ. ಮೂರನೆಯದಕ್ಕೆ ‘ಚೆನ್ನಮ್ಮ ಫೈನಲ್’ ಅಂತ ಇಡುವಾಗ ಯಾರಾದರೂ ನನ್ನ ಕೈಯಿಂದ ಮೊಬೈಲು ಕಸಿದುಕೊಳ್ಳಬೇಕಿತ್ತು. ಯಾರೂ ಕಸಿದುಕೊಳ್ಳಲಿಲ್ಲ.

ನಾನು ಬೆಳಗಾವಿಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅಕ್ಟೋಬರ್ ಬಂತೆಂದರೆ ನಮ್ಮ ಕಡೆ ಸಾಲು ಸಾಲು ಸಡಗರ. 23ಕ್ಕೆ ಕಿತ್ತೂರು ಉತ್ಸವ, ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ರಾಜ್ಯೋತ್ಸವ. ನಡುವೆ ಒಂದು ಚಿತ್ರ ಪ್ರದರ್ಶನ ಇಡೋಣ ಅಂತ ನಮ್ಮ ಹೆಡ್ ಮೇಡಂಗೆ ಅನಿಸಿತು. ಪ್ರತಿ ವರ್ಷ ಅದೇ ಚಿತ್ರ, ಅದೇ ಭಾಷಣ ಬೇಡ, ಏನಾದರೂ ಬೇರೆ ಹೇಳಿ ಅಂದರು. ಸುಮ್ನೆ ಚಹಾ ಕುಡಿದು ಎದ್ದು ಬರಬೇಕಿತ್ತು ನಾನು.

“ಒಂದ ಹೆಸರಿನವ್ರು ಇಬ್ಬಿಬ್ರ ಚಿತ್ರ ಇಡೂಣ್ರಿ ಮೇಡಂ. ಇಬ್ಬರು ಪುಲಿಕೇಶಿ, ಇಬ್ಬರು ಇಬ್ರಾಹಿಂ, ಇಬ್ಬರು ಚೆನ್ನಮ್ಮ.”

“ಛಲೋ ಐತ್ರಿ ಸರ. ನೀವ ಮಾಡ್ರಿ.”

ಮೀಟಿಂಗ್ ಮುಗಿಯಿತು.

ಹೆಸರು ಹೊಂದಿಸೋದು ಸುಲಭ. ಮುಖ ಎಲ್ಲಿಂದ ತರೋದು? ಬಾದಾಮಿಯ ಒಂದನೇ ಪುಲಿಕೇಶಿ ಕೋಟೆ ಕಟ್ಟಿಸಿದ್ದನ್ನು 543ರಲ್ಲಿ ಬಂಡೆಯ ಮೇಲೆ ಬರೆಸಿದ, ಮುಖ ಬರೆಸಲಿಲ್ಲ. ಅವನ ಮೊಮ್ಮಗ ಎರಡನೇ ಪುಲಿಕೇಶಿ, ಉತ್ತರದ ಹರ್ಷನನ್ನೇ ತಡೆದು ನಿಲ್ಲಿಸಿದವನು. ಅವನ ಹೊಗಳಿಕೆಯನ್ನು ರವಿಕೀರ್ತಿ 634ರಲ್ಲಿ ಐಹೊಳೆಯ ಮೇಗುತಿ ಬಸದಿಯ ಗೋಡೆಗೆ ಕೆತ್ತಿಸಿದ. ಅದೇ ಗೋಡೆಯಲ್ಲಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೂ ಸೇರಿಸಿಕೊಂಡ. ರಾಜನ ಮೂಗು ಹೇಗಿತ್ತು ಅಂತ ಮಾತ್ರ ಒಂದು ಅಕ್ಷರ ಬರೆಯಲಿಲ್ಲ. ಅಜಂತಾದ ಒಂದನೇ ಗುಹೆಯಲ್ಲಿ ಒಬ್ಬ ರಾಜ ಪರದೇಶದವರನ್ನು ಕಾಣುತ್ತಿರುವ ಚಿತ್ರ ಇದೆ. ಅವನು ಪುಲಿಕೇಶಿಯೇ, ಬಂದವರು ಪರ್ಷಿಯಾದವರು ಅಂತ ಕೆಲವರು. ಅಲ್ಲವೇ ಅಲ್ಲ ಅಂತ ಇನ್ನು ಕೆಲವರು. ಈ ಜಗಳ ನನಗೆ ಬೇಡವಾಗಿತ್ತು. ಒಂಬತ್ತನೇ ಇಯತ್ತೆಯ ಹುಡುಗನೊಬ್ಬನಿಗೆ ಹೇಳಿ ಇಬ್ಬರನ್ನೂ ಬರೆಸಿದೆ. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಮೀಸೆ ಇಟ್ಟಿದ್ದ. ಯಾಕೋ ಅಂದರೆ, “ಮನೆತನದ ಮೀಸಿ ರೀ ಸರ” ಅಂದ.

ವಿಜಯಪುರದ ಇಬ್ರಾಹಿಂ ಆದಿಲ್‌ಶಾಹಿಗಳದು ಉಲ್ಟಾ ಕಥೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಸಂಗೀತದ ಹುಚ್ಚ. ಹಾಡು ಬರೆದ, ಆ ಹಾಡುಗಳಲ್ಲಿ ಸರಸ್ವತಿಯನ್ನು ನೆನೆದ, ‘ಜಗದ್ಗುರು’ ಅನ್ನಿಸಿಕೊಂಡ, ತನ್ನ ತಂಬೂರಿಗೆ ‘ಮೋತಿ ಖಾನ್’ ಅಂತ ಹೆಸರಿಟ್ಟ. ಆಸ್ಥಾನದ ಚಿತ್ರಕಾರರು ಅವನನ್ನು ಬರೆದದ್ದೇ ಬರೆದದ್ದು. ಆ ಚಿತ್ರಗಳು ಲಂಡನ್ನು, ಪ್ರಾಗು ಅಂತ ಎಲ್ಲೆಲ್ಲೋ ಹೋಗಿ ಕೂತಿವೆ. ಆದರೆ ಅವನ ಅಜ್ಜ ಒಂದನೇ ಇಬ್ರಾಹಿಂನ ಚಿತ್ರ ನಮ್ಮ ಹುಡುಗರ ಕೈಗೆ ಸಿಗಲಿಲ್ಲ. ಸಿಗದಿದ್ದರೆ ನನಗೆ ಹೇಳಬೇಕಲ್ವಾ? ಮೊಮ್ಮಗನದೇ ಎರಡು ಚಿತ್ರ ತೆಗೆದುಕೊಂಡು ಎರಡೂ ಕಡೆ ಅಂಟಿಸಿದ್ದರು. ಕೇಳಿದರೆ, “ಇದು ಸಣ್ಣಾವ ಇದ್ದಾಗಿಂದು, ಇದು ದೊಡ್ಡಾವ ಆದ ಮ್ಯಾಲಿಂದ್ರಿ.” ಕೆಳಗೆ ‘1534–1558’ ಅಂತ ಬರೆದೂ ಬಿಟ್ಟಿದ್ದರು. ಮೊಮ್ಮಗ ಹುಟ್ಟುವ ಮೊದಲೇ ಗಡ್ಡ ಬಿಟ್ಟು ಸಿಂಹಾಸನದ ಮೇಲೆ ಕೂತಿದ್ದ.

ಪುಲಿಕೇಶಿಗಳೂ ಅಜ್ಜ ಮೊಮ್ಮಗ, ಇಬ್ರಾಹಿಂಗಳೂ ಅಜ್ಜ ಮೊಮ್ಮಗ. ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಹೇಳಿದ್ದು ನನ್ನ ಎರಡನೇ ತಪ್ಪು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಯಿಯ ಹೆಸರು ಚೆನ್ನಮ್ಮ. ನನ್ನ ಮಗಳು ಹುಟ್ಟಿದಾಗ ಆಯಿಯ ಹೆಸರೇ ಇಡುತ್ತೇವೆ ಅಂತ ಮಾತು ಕೊಟ್ಟು, ಕೊನೆಗೆ ಚಿನ್ಮಯಿ ಅಂತ ಇಟ್ಟಿದ್ದೆವು.

“ರಾಜರ ಮನ್ಯಾಗ ಪೂರ್ತಿ ಹೆಸರು ಇಡ್ತಾರಪಾ” ಅಂದಳು ಆಯಿ. “ಬಡವ್ರ ಮನ್ಯಾಗ ಬರೇ ಒಂದ ಅಕ್ಷರ.”

ಈಗ ಚೆನ್ನಮ್ಮಂದಿರ ವಿಷಯ. ಕಿತ್ತೂರು ಚೆನ್ನಮ್ಮ ನಮ್ಮ ಮನೆ ಮಗಳು. ಹುಟ್ಟಿದ್ದು 1778ರಲ್ಲಿ, ಬೆಳಗಾವಿ ದಾಟಿದರೆ ಸಿಗುವ ಕಾಕತಿಯಲ್ಲಿ. ಕೆಳದಿ ಚೆನ್ನಮ್ಮ ಮಲೆನಾಡಿನವಳು, ನೂರು ಚಿಲ್ಲರೆ ವರ್ಷ ಹಿಂದಿನವಳು. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರೂ ದತ್ತು ತಗೊಂಡವರು, ಇಬ್ಬರೂ ತಮಗಿಂತ ದೊಡ್ಡ ಸೈನ್ಯಕ್ಕೆ ಎದೆ ಕೊಟ್ಟವರು. ಇವಳು 1824ರಲ್ಲಿ ಕಂಪನಿಯವರಿಗೆ, ಅವಳು ಔರಂಗಜೇಬನಿಗೆ. ಕ್ಯಾಲೆಂಡರ್ ಚಿತ್ರಕಾರರಿಗೆ ಇಷ್ಟು ಸಾಕು. ಒಂದೇ ಕಿರೀಟ, ಒಂದೇ ಕತ್ತಿ, ಒಂದೇ ಬಿಳಿ ಕುದುರೆ. ಕೆಳಗಿನ ಹೆಸರು ಮುಚ್ಚಿದರೆ ಯಾರು ಯಾರೆಂದು ಕುದುರೆಗೂ ಗೊತ್ತಾಗಲಿಕ್ಕಿಲ್ಲ. ನಮ್ಮ ಅವ್ವನಿಗಂತೂ ಕಿತ್ತೂರು ಚೆನ್ನಮ್ಮ ಅಂದರೆ 1961ರ ಸಿನಿಮಾದ ಬಿ. ಸರೋಜಾದೇವಿ. ಬೇರೆ ಯಾವ ಚಿತ್ರ ತೋರಿಸಿದರೂ “ಇಕಿ ಅಲ್ಲ” ಅನ್ನುತ್ತಾಳೆ.

ಕೆಳದಿ ಚೆನ್ನಮ್ಮನ ಹಳೇ ಚಿತ್ರವೊಂದು ಹುಬ್ಬಳ್ಳಿಯ ನನ್ನ ಮಾವನ ಮಗನ ಮನೆಯಲ್ಲಿತ್ತು. “ಶನಿವಾರ ಹನ್ನೊಂದಕ್ಕ ಚೆನ್ನಮ್ಮ ಸರ್ಕಲಿನ್ಯಾಗ ಸಿಗೂಣು, ತಗೊಂಡ ಬಾ” ಅಂದಿದ್ದೆ. ಹನ್ನೊಂದಕ್ಕೆ ಹೋಗಿ ನಿಂತೆ. ಹನ್ನೊಂದೂವರೆಗೆ ಫೋನ್ ಮಾಡಿದೆ.

“ಎಲ್ಲದೀಯೋ?”

“ಚೆನ್ನಮ್ಮನ ಮುಂದ ನಿಂತೀನಿ. ನೀ ಎಲ್ಲದಿ?”

“ನಾನೂ ಚೆನ್ನಮ್ಮನ ಮುಂದನ ಅದೀನಿ!”

“ಕುದುರಿ ಬಾಯಿ ಕಡೆ ಬಾ.”

ಕುದುರೆಯ ಬಾಯಿಯ ಕಡೆ ಹೋದೆ. ಬಾಲದ ಕಡೆ ಹೋದೆ. ಟ್ರಾಫಿಕ್ ಪೊಲೀಸು ನನ್ನನ್ನೇ ನೋಡತೊಡಗಿದ. ಮೂರನೇ ಸುತ್ತಿಗೆ ಹೊಳೆಯಿತು. ಬೆಳಗಾವಿಯಲ್ಲಿ ಒಂದು ಚೆನ್ನಮ್ಮ ಸರ್ಕಲ್ ಇದೆ. ಹುಬ್ಬಳ್ಳಿಯಲ್ಲೂ ಒಂದಿದೆ. ನಾವಿಬ್ಬರೂ ಹೇಳಿದ ಜಾಗದಲ್ಲೇ, ಹೇಳಿದ ಹೊತ್ತಿಗೇ, ನೂರು ಕಿಲೋಮೀಟರ್ ದೂರದಲ್ಲಿ ನಿಂತಿದ್ದೆವು. ಅವನು ಅಲ್ಲೇ ಬಿಸಿಲಲ್ಲಿ ಚಿತ್ರದ ಫೋಟೊ ಹೊಡೆದು ವಾಟ್ಸಾಪ್ ಮಾಡಿದ. ಅದೇ ‘ಚೆನ್ನಮ್ಮ 2’. ಮೂಲೆಯಲ್ಲಿ ಅವನ ಹೆಬ್ಬೆರಳೂ ಇತ್ತು.

ಇನ್ನು ‘ಚೆನ್ನಮ್ಮ ಫೈನಲ್’. ಅದು ನಮ್ಮ ಆಯಿ.

ಆಯಿಗೆ ಎಂಬತ್ನಾಲ್ಕು ವರ್ಷ. ಒಂದು ದಿನ ಕರೆದು ಕೂಡಿಸಿಕೊಂಡು ಹೇಳಿದಳು: “ನಾ ಹ್ವಾದ ಮ್ಯಾಲೆ ನೀವು ಆಧಾರ ಕಾರ್ಡಿನ ಫೋಟೊನ ದೊಡ್ಡದು ಮಾಡ್ಸಿ ಗ್ವಾಡಿಗೆ ಹಾಕ್ತೀರಿ. ನನಗ ಗೊತ್ತೈತಿ. ಈಗ ತಗಿ. ನಾ ನೋಡಿ ಹೂಂ ಅಂದದ್ದನ್ನ ಹಾಕ್ಬೇಕು.”

ಮಾತಿನಲ್ಲಿ ಹುರುಳಿತ್ತು. ಆಧಾರ್ ಕಾರ್ಡಿನ ಆಯಿಯನ್ನು ಆಯಿಯೇ ಗುರುತು ಹಿಡಿಯುವುದಿಲ್ಲ. ಭಾನುವಾರ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂತಳು. ಚಸ್ಮಾ ತೆಗೆದಳು. ತೆಗೆದರೆ ಮೊಬೈಲು ಎಲ್ಲಿದೆ ಅಂತ ಕಾಣಲಿಲ್ಲ, ಮತ್ತೆ ಹಾಕಿಕೊಂಡಳು. ಇಪ್ಪತ್ತಕ್ಕಿಂತ ಜಾಸ್ತಿ ಫೋಟೊ ತೆಗೆದೆ. ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಒಂದರಲ್ಲಿ ಸೆರಗು ಸರಿ ಇಲ್ಲ, ಇನ್ನೊಂದರಲ್ಲಿ ಹಲ್ಲು. ನನಗೆ ತುಂಬ ಹಿಡಿಸಿದ್ದೊಂದನ್ನು ತೋರಿಸಿದರೆ, “ಏ, ಇದರಾಗ ಸತ್ತಾಕಿ ಹಂಗ ಕಾಣ್ತೀನಿ” ಅಂತ ತೆಗೆದುಹಾಕಿದಳು. ಯಾವ ಸಮಯಕ್ಕೆಂದು ಫೋಟೊ ತೆಗೆಸುತ್ತಿದ್ದೇವೆ ಅಂತ ನೆನಪಿಸುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಆಯಿ ಬೆನ್ನು ನೆಟ್ಟಗೆ ಮಾಡಿ, ಕೈ ಮುಂದೆ ಚಾಚಿ, ಕಣ್ಣು ಕೆಂಪಗೆ ಮಾಡಿಕೊಂಡು “ಹಾಲs!” ಅಂತ ಗುಡುಗಿದಳು. ನನ್ನ ಬೆರಳು ತಾನೇ ಒತ್ತಿತು. ಆಯಿ ಹೂಂ ಅಂದದ್ದು ಅದೊಂದಕ್ಕೇ.

ಪ್ರಿಂಟ್ ಹಾಕುವ ಅಂಗಡಿಗೆ ಮೂರನ್ನೂ ಒಟ್ಟಿಗೆ ಕಳಿಸಿದೆ. ಎರಡು ಶಾಲೆಗೆ, ಒಂದು ಮನೆಗೆ. ಅಂಗಡಿಯ ಹುಡುಗ ಒಳ್ಳೆಯವನು, ಕೆಲಸದಲ್ಲಿ ಶ್ರದ್ಧೆ ಇದ್ದವನು. ಕಿತ್ತೂರು ಚೆನ್ನಮ್ಮನನ್ನು ದೊಡ್ಡದು ಮಾಡಿ ನೋಡಿ ಮುಖ ಸಿಂಡರಿಸಿದ.

“ಇದು ಪೇಂಟಿಂಗ್ ಐತ್ರಿ ಸರ. ಒಡೀತೈತಿ. ಒರಿಜಿನಲ್ ಫೋಟೊ ಇಲ್ಲೇನ್ರಿ?”

ನಾನು ಮೇಷ್ಟ್ರು, ಬಿಡುತ್ತೇನೆಯೇ? ಕ್ಯಾಮೆರಾದ ಗುಟ್ಟು ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಹೇಳಿದ್ದು 1839ರಲ್ಲಿ, ರಾಣಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರುವರಿ 2ರಂದು ಅಂತ ಅಲ್ಲೇ ಪಾಠ ಮಾಡಿದೆ.

“ಅಯ್ಯ, ಹತ್ತ ವರ್ಷದಾಗ ತಪ್ತಲ್ರಿ ಸರ!” ಅಂದ. ನಿಜವಾಗಿಯೂ ಬೇಜಾರಾಗಿತ್ತು ಅವನಿಗೆ. ಆಮೇಲೆ ಮೂರನೇ ಚಿತ್ರ ತೆರೆದ. “ಇದು ನೋಡ್ರಿ ಸರ, ಇದು ಒರಿಜಿನಲ್! ಏನ್ ಕಣ್ರಿ ಇವು!”

ನನ್ನ ಗಾಡಿ ನೋ ಪಾರ್ಕಿಂಗ್‌ನಲ್ಲಿತ್ತು. “ಹೌದ್ ಹೌದು, ಬೇಗ ಮಾಡು” ಅಂತ ಹೊರಗೆ ಓಡಿದೆ.

ಸಂಜೆ ಕಾಗದ ಸುತ್ತಿದ ಕಟ್ಟುಗಳನ್ನು ಹಾಗೇ ತಂದೆ. ಫ್ರೇಮ್ ಹಾಕಿದ್ದನ್ನು ಮನೆಗೆ, ಉಳಿದ ಎರಡನ್ನು ಶಾಲೆಗೆ. ಬಿಚ್ಚಿ ನೋಡಲಿಲ್ಲ. ಪ್ರದರ್ಶನದ ದಿನ ಬೆಳಿಗ್ಗೆ ನಾನು ಮೈಕಿನವನನ್ನು ಹುಡುಕುತ್ತಿದ್ದಾಗ ಮಕ್ಕಳೇ ಅಂಟಿಸಿದರು. ಹತ್ತು ಗಂಟೆಗೆ ಐದನೇ ಇಯತ್ತೆಯ ಹುಡುಗಿಯೊಬ್ಬಳು ನನ್ನ ಅಂಗಿ ಜಗ್ಗಿದಳು.

“ಸರ, ಕೆಳದಿ ರಾಣಿ ಚಸ್ಮಾ ಹಾಕ್ಕೊಂಡಾಳ್ರಿ.”

ಹೋಗಿ ನೋಡಿದರೆ ಆಯಿ. ಕೈ ಚಾಚಿ ಗುಡುಗುತ್ತಿರುವ ಆಯಿ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಕೆಳದಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದ ವೀರರಾಣಿ.’ ಅವಳ ಹಿಂದೆ ಗೋಡೆಯಲ್ಲಿ ನಮ್ಮ ಮನೆಯ ಸ್ವಿಚ್ ಬೋರ್ಡು ಸ್ಪಷ್ಟವಾಗಿ ಕಾಣುತ್ತಿತ್ತು. ಹೆಡ್ ಮೇಡಂ ಆಗಲೇ ಅದರ ಮುಂದೆ ನಿಂತು ಅತಿಥಿಗಳಿಗೆ ವಿವರಿಸುತ್ತಿದ್ದರು. “ಮುಖದಾಗ ಎಷ್ಟ ತೇಜಸ್ಸು ನೋಡ್ರಿ” ಅನ್ನುವುದು ನನ್ನ ಕಿವಿಗೆ ಬಿತ್ತು.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮನೆಯಿಂದ. ಆಯಿಯೇ.

“ಫೋಟೊ ಬಿಚ್ಚಿ ನೋಡಿದ್ನೆಪಾ. ಮೂಗು ಛಲೋ ಬಂದೈತಿ. ಆದ್ರ ನಾ ಯಾವಾಗ ಕುದುರಿ ಹತ್ತಿದ್ನೋ? ಮತ್ತ ಮೂಲ್ಯಾಗ ಇದು ಯಾರ ಹೆಬ್ಬೆಟ್ಟು?”

ನಡೆದದ್ದನ್ನು ಹೇಳಿದೆ. ಈಗಲೇ ಆ ಚಿತ್ರ ತೆಗೆಸುತ್ತೇನೆ ಅಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ತಗೀಬ್ಯಾಡ. ನಾ ಬರ್ತೀನಿ.”

ಮಧ್ಯಾಹ್ನ ಸಣ್ಣ ಕಾಕಾನ ಗಾಡಿಯ ಹಿಂದೆ ಕೂತು ಬಂದಳು, ಅದೇ ಇಳಕಲ್ ಸೀರೆ ಉಟ್ಟುಕೊಂಡು. ಮಕ್ಕಳು ಒಮ್ಮೆ ಚಿತ್ರ, ಒಮ್ಮೆ ಆಯಿಯನ್ನು ನೋಡಿ ದಾರಿ ಬಿಟ್ಟರು. ಒಬ್ಬ ಹುಡುಗ ನಮಸ್ಕಾರವನ್ನೂ ಮಾಡಿದ. ಆಯಿ ತನ್ನ ಮುಂದೆ ತಾನೇ ನಿಂತು, “ಏನ್ ಬರದಾರ, ಓದು” ಅಂದಳು. ಓದಿದೆ. ರಾಜಾರಾಮನಿಗೆ ಆಶ್ರಯ ಅನ್ನುವಲ್ಲಿ ಕೈ ಎತ್ತಿ ನಿಲ್ಲಿಸಿದಳು.

“ಅದ್ರಾಗೇನು ಸುಳ್ಳೈತಿ? ಇವ ಸಾಲಾ ಮಾಡಿ ಓಡಿ ಬಂದಾಗ ಆರ ತಿಂಗಳ ಮಾಳಿಗಿ ಮ್ಯಾಲ ಇಟ್ಕೊಂಡಿದ್ದಿಲ್ಲೇನು? ವಸೂಲಿಯವ್ರು ದಿನಾ ಬಾಗಲಾ ಬಡೀತಿದ್ರು. ಕೊಟ್ಟನೇನು ನಾ ಇವನ್ನ?”

ಎಲ್ಲರೂ ಸಣ್ಣ ಕಾಕಾನತ್ತ ತಿರುಗಿದರು. ಕಾಕಾ ಆಗಲೇ ಹೋಗಿ ಇಬ್ರಾಹಿಂನ ಮುಂದೆ ನಿಂತು, ಗಡ್ಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.