ವಿದ್ಯುತ್ ಕುಕ್ಕರಿನ ಹತ್ತು ನಿಮಿಷ

ವಿದ್ಯುತ್ ಪ್ರೆಷರ್ ಕುಕ್ಕರನ್ನು ಮಾರುವವರು ತೊಗರಿಬೇಳೆ ಹತ್ತೇ ನಿಮಿಷಗಳಲ್ಲಿ ಬೇಯುತ್ತದೆ ಎನ್ನುವಾಗ, ಒಳಗೆ ಒತ್ತಡ ಏರಲು ಹಿಡಿಯುವ ಸಮಯವನ್ನಾಗಲಿ, ಅದು ತಾನಾಗಿಯೇ ಇಳಿಯಲು ಬೇಕಾದ ಸಮಯವನ್ನಾಗಲಿ ಲೆಕ್ಕಕ್ಕೇ ಸೇರಿಸುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರ ತರಿಸಿದೆ. ಪರದೆಯ ಮೇಲಿನ ಎಣಿಕೆ ಶುರುವಾಗುವುದೇ ಒತ್ತಡ ತುಂಬಿದ ಮೇಲೆ. ಗ್ಯಾಸ್ ಒಲೆಯ ಕುಕ್ಕರ್ ಸುಮಾರು 15 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡದಲ್ಲಿ, 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸುತ್ತದೆ; ವಿದ್ಯುತ್ ಕುಕ್ಕರುಗಳಲ್ಲಿ ಹೆಚ್ಚಿನವು ಅದಕ್ಕಿಂತ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವುದರಿಂದ, ಬೇಳೆಗೆ ಮೂರು ಕೂಗು, ಕಡಲೆಗೆ ಆರು ಕೂಗು ಎಂದು ನಮ್ಮ ಅಡುಗೆಮನೆಗಳಲ್ಲಿ ರೂಢಿಯಾಗಿರುವ ಅಳತೆ ಇಲ್ಲಿ ನಡೆಯುವುದಿಲ್ಲ. ಹಾಗಿದ್ದಮೇಲೆ ಹುರುಳಿಕಾಳಿಗೆ, ಅವರೆಕಾಳಿಗೆ ಎಷ್ಟು ಹೊತ್ತು ಬೇಕೆಂದು ಕೈಪಿಡಿಯಾದರೂ ಹೇಳಬೇಕಲ್ಲವೇ? ನಮಗೆ ಸಿಕ್ಕ ಕೈಪಿಡಿಯಲ್ಲಿ ಸೂಪು, ಕೇಕುಗಳ ವಿವರವಿದೆಯೇ ಹೊರತು ಕಾಳುಗಳ ಸುದ್ದಿಯಿಲ್ಲ.

ಇದಕ್ಕಿಂತ ಹೆಚ್ಚು ಕಾಡುವುದು ಮುಚ್ಚಳದೊಳಗಿನ ಸಿಲಿಕೋನ್ ಗ್ಯಾಸ್ಕೆಟ್. ಅದು ಮಸಾಲೆಯ ವಾಸನೆಯನ್ನು ಒಮ್ಮೆ ಹೀರಿಕೊಂಡರೆ ಮತ್ತೆ ಬಿಟ್ಟುಕೊಡುವುದೇ ಇಲ್ಲ. ಸೋಪು ಹಾಕಿ ಉಜ್ಜಿ ಬಿಸಿಲಿಗೆ ಒಣಗಿಸಿದರೂ, ಹುಳಿ ಮಾಡಿದ ಮರುದಿನ ಅಕ್ಕಿ ಪಾಯಸಕ್ಕಿಟ್ಟರೆ ಏಲಕ್ಕಿಯ ಜೊತೆಗೆ ಇಂಗಿನ ಘಾಟು ಮೂಗಿಗೆ ಬಡಿಯುತ್ತದೆ. ಸಿಹಿಗೊಂದು, ಖಾರಕ್ಕೊಂದು ಗ್ಯಾಸ್ಕೆಟ್ ಇಟ್ಟುಕೊಳ್ಳುವುದೇ ಇದಕ್ಕೆ ಸರಿಯಾದ ದಾರಿ; ಇಷ್ಟೊಂದು ಬೆಲೆ ತೆಗೆದುಕೊಳ್ಳುವ ತಯಾರಕರು ಆ ಎರಡನೆಯದನ್ನು ಪೆಟ್ಟಿಗೆಯಲ್ಲೇ ಇಟ್ಟು ಕೊಡಬೇಕು.